ಯಲಹಂಕದ ಡಿಫಾಲ್ಟ್ ತೆಗೀಬೇಕಂತ್ರಿ

14-11-89, ಮಂಗಳವಾರ. ಸಂಜೆ

ಫಸ್ಟ್ ಶಿಫ್ಟ್. ಲೇತಿನಲ್ಲಿ ಬುಶ್ ಕೆತ್ತುವ ಕೆಲಸ. ಮೂರು ಪೀಸ್ ರಿಜೆಕ್ಟ್ ಆದವು. ಸೂಪರ್‌ವೈಸರ್ ಏನೂ ಅನ್ನಲಿಲ್ಲ. ಮೊದಲಾಗಿದ್ದರೆ ಇಡೀ ಶೆಡ್ಡಿಗೆ ಕೇಳುವ ಹಾಗೆ ಬೈಯುತ್ತಿದ್ದ. ಈಗ ಬೆನ್ನು ಮುಟ್ಟಿ ಮುಂದೆ ಹೋಗುತ್ತಾನೆ. ಹೆಂಡತಿ ಸತ್ತವನು ಲೇತ್ ಮೇಲೆ ಏನು ಕೆತ್ತಿದರೂ ನಡೆಯುತ್ತದೆಯೇ? ಬೈಯಬಾರದೇ ಅನ್ನಿಸಿತು. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ.

ಯಶವಂತಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಆರ್.ಟಿ. ನಗರದ ತುಂಬ ಎಲೆಕ್ಷನ್ ಮೈಕು. ಒಂದು ಆಟೋ ಹೋದರೆ ಇನ್ನೊಂದು.

ಮನೆಯಲ್ಲಿ ಒಂದು ಚೀಲ ಕಾದಿತ್ತು. ಗಂಗಾಳ ಆಫೀಸಿನ ಪ್ಯೂನ್ ಕೊಟ್ಟು ಹೋಗಿದ್ದನಂತೆ. ಅವಳ ಸ್ವೆಟರ್ — ಕಂಪ್ಯೂಟರ್ ರೂಮಿನ ಎ.ಸಿ.ಗೆ ಹಾಕಿಕೊಳ್ಳುತ್ತಿದ್ದದ್ದು. ಆ ರೂಮಿನೊಳಗೆ ಮಾತ್ರ ಮೆಟ್ಟುವ ಹವಾಯಿ ಚಪ್ಪಲಿ. ಟಿಫಿನ್ ಡಬ್ಬಿ. ಡಬ್ಬಿ ತೊಳೆದಿಲ್ಲ. ಆಯುಧಪೂಜೆಯ ದಿನದ ಚಿತ್ರಾನ್ನ ಹಾಗೇ ಇದೆ, ಕಪ್ಪಗೆ, ಬೂದಿಯ ಹಾಗೆ. ಅತ್ತೆ ಮುಚ್ಚಳ ತೆಗೆದವರು ಹಾಗೇ ಕೂತುಬಿಟ್ಟರು.

"ಅಷ್ಟ್ ಮಂದಿ ಓದಿದವ್ರದಾರ. ಒಬ್ಬರಿಗೂ ತೊಳಿಬೇಕು ಅನಸಲಿಲ್ಲೇನ್ರಿ, ಮಾಲಿಂಗಪ್ಪ?"

ಶರಣವ್ವ ನನ್ನ ಅತ್ತೆ. ಮಗಳಿಗೆ ಕಾಮಾಲೆ ಎಂದಾಗ ಕಲಬುರ್ಗಿಯಿಂದ ಬಂದವರು. ಮಗಳು ಹೋದ ಮೇಲೂ ಹೊರಟಿಲ್ಲ. ನಾನೂ ಹೋಗಿ ಅಂದಿಲ್ಲ.

ಡಬ್ಬಿ ನಾನೇ ತೊಳೆದೆ. ವಾಸನೆ ಹೋಗಿಲ್ಲ.

19-11-89, ಭಾನುವಾರ. ಮಧ್ಯಾಹ್ನ

ಜಯಸಿಂಹ ಬಂದಿದ್ದರು. ಗಂಗಾಳ ಸಾಹೇಬರು. ಯಲಹಂಕದ ಕಂಪ್ಯೂಟರ್ ಸೆಂಟರಿನ ಮುಖ್ಯಸ್ಥರು. ಕಾರಿನಲ್ಲಿ ಬಂದರು. ಜೊತೆಗೆ ಅಲಮೇಲು. ಗಂಗಾಳ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ, ಇಂಜಿನಿಯರ್. ಗಂಗಾ ದಿನಾ ಅವಳ ಮಾತೇ ಆಡುತ್ತಿದ್ದಳು. ಅವಳ ಕೈಯಲ್ಲಿ ಸೇಬಿನ ಪೊಟ್ಟಣ. ಅವರ ಕೈಯಲ್ಲಿ ಫೈಲು.

"ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ ಕಣ್ರೀ ಮಹಾಲಿಂಗಪ್ಪನವ್ರೇ. ಗಂಗಾದೇವಿ ಅಂದ್ರೆ ನಮ್ಮ ಸೆಂಟರಿಗೇ ಒಂದು ಅಸೆಟ್ಟು."

ಅತ್ತೆ ಟೀ ತಂದರು. ಜಯಸಿಂಹ ಕುಡಿದರು. ಚೆನ್ನಾಗಿದೆ ಅಂದರು. ಆಮೇಲೆ ಫೈಲು ತೆಗೆದರು.

"ಇದೊಂದು ಫಾರ್ಮಾಲಿಟಿ ಅಷ್ಟೆ. ವಾರಸುದಾರರಿಗೆ ತೋರಿಸ್ಬೇಕು ಅಂತ ರೂಲ್ಸು. ಆಕ್ಷೇಪಣೆ ಇಲ್ಲ ಅಂತ ಇಲ್ಲೊಂದು ಸೈನ್ ಹಾಕ್ಬಿಟ್ರೆ ಮುಗೀತು."

"ಏನ್ರಿ ಇದು?"

"ಎನ್‌ಕ್ವೈರಿ. ನಮ್ಮ ಯಶವಂತಪುರದ ಲ್ಯಾಬಿಂದ ಹೊರದೇಶಕ್ಕೆ ಒಂದು ಉತ್ತರ ಹೋಗ್ಬೇಕಿತ್ತು, ಕಂಪ್ಯೂಟರ್ ಲೈನಲ್ಲಿ. ದೊಡ್ಡ ಪ್ರಾಜೆಕ್ಟು. ಕೊನೇ ದಿನ ದಾಟೋಯ್ತು, ಉತ್ತರ ಹೋಗ್ಲೇ ಇಲ್ಲ. ಪ್ರಾಜೆಕ್ಟ್ ಕೈ ತಪ್ತು. ಯಾಕೆ ಅಂತ ನೋಡಿದ್ರೆ, ಯಲಹಂಕದ ಮೆಷಿನ್ನಲ್ಲಿ ಡಿಫಾಲ್ಟ್ ರೂಟ್ ಅಂತ ಒಂದು ಕಮ್ಯಾಂಡ್ ಹಾಕಿತ್ತು. ಹಾಕಿದ್ದು ಗಂಗಾದೇವಿ. ತೆಗೀಲಿಲ್ಲ. ಮರ್ತಿರ್ತಾರೆ ಪಾಪ, ಮೈ ಹುಷಾರಿರ್ಲಿಲ್ಲ."

ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಆಮೇಲೆ ಐ.ಟಿ.ಐ. ಬೆರಳಿಟ್ಟು ಓದಿದೆ. ಆಪರೇಟರ್ ಕಡೆಯಿಂದ ಲೋಪ. ಪಕ್ಕದಲ್ಲಿ ಕಂಸ ಹಾಕಿ, ಈಗ ದಿವಂಗತ.

"ಇದರಿಂದ ಅವರಿಗೇನೂ ಆಗಲ್ಲ. ನಿಮಗೂ ಏನೂ ಆಗಲ್ಲ" ಅಂದರು ಜಯಸಿಂಹ.

ಅವಳಿಗೇನೂ ಆಗುವುದಿಲ್ಲ. ನಿಜ. ಆಗುವುದೆಲ್ಲ ಆಗಿಹೋಗಿದೆ. ಸತ್ತವಳ ತಲೆಗೆ ಕಟ್ಟಿದರೆ ಬದುಕಿದವರು ಯಾರಿಗೂ ಮೆಮೊ ಬರುವುದಿಲ್ಲ. ಎಷ್ಟು ಸುಲಭ. ಅಲಮೇಲು ಇಡೀ ಹೊತ್ತು ಸೇಬಿನ ಪೊಟ್ಟಣ ನೋಡುತ್ತ ಕೂತಿದ್ದಳು.

ಓದಿ ಆಮೇಲೆ ಹೇಳ್ತೀನ್ರಿ ಅಂದೆ. ಅಷ್ಟೇ ಬಂತು ಬಾಯಿಂದ. ಯಾವಾಗಲೂ ಹೀಗೆ. ಅವರು ಕಾರು ತಿರುಗಿಸಿಕೊಂಡು ಹೋದ ಮೇಲೆ ಮಾತು ಬಂತು. ಡಿಫಾಲ್ಟ್. ಆ ಮಾತು ನನಗೆ ಹೊಸದಲ್ಲ. ಆ ಮಾತನ್ನು ನಾನೇ ಫೋನಿನಲ್ಲಿ ಅವರಿಗೆ ಹೇಳಿದ್ದೇನೆ.

20-11-89, ಸೋಮವಾರ

ನೆನಪಿದ್ದದ್ದನ್ನು ನೆನಪಿದ್ದ ಹಾಗೆ ಬರೆದಿಡುತ್ತೇನೆ.

ವಿಜಯದಶಮಿಯ ಮಾರನೆಯ ದಿನ. ಗಂಗಾ ಹಾಸಿಗೆ ಹಿಡಿದಿದ್ದಳು. ಕಣ್ಣು ಹಳದಿ. ಏಳಲಿಕ್ಕೆ ಹೋಗಿ ಬಿದ್ದಳು. ಆಫೀಸಿಗೆ ಹೋಗಬೇಕು, ಒಂದು ಕೆಲಸ ಬಾಕಿ ಇದೆ ಅಂದಳು. ನಾನು ಬಿಡಲಿಲ್ಲ. ಹಾಗಾದರೆ ಕೆಳಗೆ ಹೋಗಿ ಫೋನ್ ಮಾಡು, ಸಾಹೇಬರಿಗೇ ಹೇಳು ಅಂದಳು. "ಯಲಹಂಕದ ಡಿಫಾಲ್ಟ್ ತೆಗೀಬೇಕಂತ್ರಿ" — ಇಷ್ಟು ಹೇಳು ಸಾಕು, ಅವರಿಗೆ ಗೊತ್ತಾಗುತ್ತದೆ. ನನ್ನಿಂದ ಎರಡು ಸಲ ಹೇಳಿಸಿದಳು. ಹೋದೆ. ಹೇಳಿದೆ. ಆ ಕಡೆಯಿಂದ ಜಯಸಿಂಹ: "ಆಯ್ತು ಆಯ್ತು, ನೋಡ್ಕೋತೀವಿ. ಅವರಿಗೆ ರೆಸ್ಟ್ ತಗೊಳಕ್ಕೆ ಹೇಳಿ." ಹಿಂದೆ ಒಂದು ಹೆಣ್ಣುಧ್ವನಿ ಏನೋ ಕೇಳುತ್ತಿತ್ತು. ಮೇಲೆ ಬಂದು, ಆಯ್ತಂದ್ರು ಅಂದೆ. ಗಂಗಾ ಗೋಡೆಗೆ ತಿರುಗಿ ಮಲಗಿದಳು.

ಫೋನ್ ಇರುವುದು ಕೆಳಗೆ ಖಾದರ್ ಬಾಷಾನ ಅಂಗಡಿಯಲ್ಲಿ. ಮನೆ ಮಾಲೀಕ, ಸೈಕಲ್ ರಿಪೇರಿ. ಇವತ್ತು ಶಿಫ್ಟ್ ಮುಗಿಸಿ ಬಂದು ಅವನನ್ನು ಕೇಳಿದೆ. ಟ್ಯೂಬ್ ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ.

"ಯಾಕ್ ನೆನಪಿಲ್ಲ ಸಾಬ್? ಇಲ್ಲೇ ನಿಂತ್ಕೊಂಡು ಮಾಡಿದ್ರಿ. ಡಿಫಾಲ್ಟ್ ಡಿಫಾಲ್ಟ್ ಅಂತ ಕೂಗಿದ್ರಿ. ನಾನ್ ಅಂದ್ಕೊಂಡೆ, ಇವ್ರೂ ನನ್ನಂಗೆ ಬ್ಯಾಂಕ್ ಸಾಲ ಮಾಡ್ಕೊಂಡವ್ರೆ ಅಂತ."

"ಕಮಿಟಿ ಮುಂದ ಹೇಳ್ತೀಯೇನು?"

"ಕಮಿಟಿ ಯಾಕೆ, ಖುದಾ ಮುಂದೂ ಹೇಳ್ತೀನಿ. ಆದ್ರೆ ಭಾನುವಾರ ಬೇಡ, ಅವತ್ತು ಗಿರಾಕಿ ಜಾಸ್ತಿ."

ನಗು ಬಂತು. ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

22-11-89, ಬುಧವಾರ. ಸಂಜೆ

ಅರ್ಧ ದಿನ ರಜೆ ಹಾಕಿ ಯಲಹಂಕಕ್ಕೆ ಹೋದೆ. ಅವರ ಗೇಟಿನ ಎದುರು ಬಸ್ ಸ್ಟಾಪಿನಲ್ಲಿ ನಿಂತೆ. ಅಲಮೇಲು ಬಂದಳು. ನನ್ನನ್ನು ನೋಡಿ ಹೆದರಿದಳು. ಹೆದರಲಿ ಎಂದೇ ಹೋಗಿದ್ದೆ.

ಏನದು ಡಿಫಾಲ್ಟ್, ನನಗೆ ತಿಳಿಯುವ ಹಾಗೆ ಹೇಳ್ರಿ ಅಂದೆ.

ಗೇಟಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಶುರು ಮಾಡಿದಳು. "ನಮ್ಮದು ಮೂರು ಕಡೆ ಮೆಷಿನ್ ಇದೆ ಸಾರ್. ಯಲಹಂಕ, ಹೆಬ್ಬಾಳ, ಯಶವಂತಪುರ. ಒಂದಕ್ಕೊಂದು ಮಾತಾಡ್ಕೊಂತಾನೇ ಇರ್ತವೆ, ನನಗೆ ಇಂಥಿಂಥ ಕಡೆ ದಾರಿ ಗೊತ್ತು ಅಂತ. ಯಾರಿಗೂ ಗೊತ್ತಿಲ್ಲದ ವಿಳಾಸ ಬಂದ್ರೆ ಏನ್ಮಾಡ್ಬೇಕು? ಅದಕ್ಕೆ ಒಂದು ಮೆಷಿನ್ ಹೇಳುತ್ತೆ, ಗೊತ್ತಿಲ್ಲದ್ದೆಲ್ಲ ನನಗೆ ಕೊಡಿ, ನಾನು ತಲುಪಿಸ್ತೀನಿ ಅಂತ. ಅದು ಡಿಫಾಲ್ಟು. ಹೊರಗಡೆ ಲೈನ್ ಇರೋ ಮೆಷಿನ್ ಮಾತ್ರ ಆ ಮಾತು ಹೇಳ್ಬೇಕು. ನಮ್ಮಲ್ಲಿ ಅದು ಹೆಬ್ಬಾಳ ಒಂದೇ."

"ಮತ್ತ ಯಲಹಂಕ ಯಾಕ ಹೇಳ್ತು?"

"ಇಲ್ಲಿಗೂ ಹೊಸ ಲೈನ್ ಮಂಜೂರಾಗಿತ್ತು. ಕಂಬ ನೆಟ್ಟಿದ್ರು, ತಂತಿ ಬಂದಿರ್ಲಿಲ್ಲ. ಆದ್ರೂ ಆಯುಧಪೂಜೆ ದಿನಾನೇ ಉದ್ಘಾಟನೆ ಇಟ್ಕೊಂಡ್ರು. ದೊಡ್ಡೋರೆಲ್ಲ ಬಂದಿದ್ರು. ಯಶವಂತಪುರದ ಮೆಷಿನ್ ಇನ್ಮೇಲೆ ಯಲಹಂಕನೇ ಕೇಳುತ್ತೆ ಅಂತ ಸ್ಕ್ರೀನಲ್ಲಿ ತೋರಿಸ್ಬೇಕಿತ್ತು. ಸಾರ್ ಹೇಳಿದ್ರು, ಹಾಕಿ ಅಂತ. ಗಂಗಾ ಅವ್ರು, ಲೈನೇ ಇಲ್ವಲ್ಲ ಸಾರ್, ನಮಗೆ ಬಂದಿದ್ದನ್ನ ನಾವು ಯಾರಿಗೆ ಕೊಡೋದು ಅಂದ್ರು. ಒಂದು ಫೋಟೋ ಅಷ್ಟೇ ಕಣಮ್ಮ, ಹಾಕು ಅಂದ್ರು. ಹಾಕಿದ್ರು. ಹೆಬ್ಬಾಳಕ್ಕಿಂತ ಹತ್ರ ಅಂತ ಬೇರೆ ಹೇಳಿಸಿದ್ರು, ಇಲ್ದಿದ್ರೆ ಯಶವಂತಪುರ ನಮ್ಮನ್ನ ಕೇಳಲ್ವಲ್ಲ."

"ಫೋಟೋ ಆದ ಮ್ಯಾಲ ತಗೀಬೇಕಿತ್ತಲ್ಲ?"

"ಅಷ್ಟರಲ್ಲಿ ಪೂಜೆ ಮುಗಿದಿತ್ತು ಸಾರ್. ಮೆಷಿನ್ನಿಗೆ ಸೇವಂತಿಗೆ ಹಾರ, ಕೀಬೋರ್ಡ್ ಮೇಲೆಲ್ಲ ಅರಿಶಿನ ಕುಂಕುಮ. ಗಂಗಾ ಅವ್ರು ತೆಗೆದುಬಿಡ್ಲಾ ಅಂತ ಕೈ ಹಾಕಿದ್ರು. ಸಾರ್ ಬೈದ್ರು. ಪೂಜೆ ಆದ ಆಯುಧ ಮುಟ್ಟಬಾರ್ದು, ಹಬ್ಬ ಕಳೀಲಿ ಅಂದ್ರು. ಅವತ್ತು ಊಟಾನೂ ಮಾಡ್ಲಿಲ್ಲ ಅವ್ರು. ತಲೆ ಸುತ್ತುತ್ತೆ ಅಂತ ಮನೆಗೆ ಹೋದ್ರು."

ನಮ್ಮ ಫ್ಯಾಕ್ಟರಿಯಲ್ಲೂ ಆಯುಧಪೂಜೆ ಮಾಡುತ್ತೇವೆ. ಲೇತಿಗೆ ಕುಂಬಳಕಾಯಿ ಒಡೆದ ಮೇಲೆ ಯಾರೂ ಮುಟ್ಟುವುದಿಲ್ಲ. ಆದರೆ ಮೊದಲು ಮೇನ್ ಆಫ್ ಮಾಡುತ್ತೇವೆ. ತಿರುಗುತ್ತಿರುವ ಲೇತಿಗೆ ಕುಂಕುಮ ಹಚ್ಚಿ ಕೈ ಮುಗಿದು ಮನೆಗೆ ಹೋದರೆ?... ಇವರು ಹೋದರು. ಹಾರ ಹಾಕಿಸಿಕೊಂಡ ಮೆಷಿನ್ ಹಬ್ಬದುದ್ದಕ್ಕೂ, ಹಬ್ಬ ಕಳೆದ ಮೇಲೂ, ನನಗೆ ಕೊಡಿ ನನಗೆ ಕೊಡಿ ಎನ್ನುತ್ತಲೇ ಇತ್ತು. ಯಶವಂತಪುರ ನಂಬಿತು. ಕೊಟ್ಟದ್ದೆಲ್ಲ ಯಲಹಂಕಕ್ಕೆ ಬಂದು ಸತ್ತಿತು.

"ಉತ್ತರ ಹೋಗಿಲ್ಲಂತ ಯಾರಿಗೂ ಗೊತ್ತಾಗ್ಲಿಲ್ಲೇನು?"

"ಮೆಷಿನ್ ದೂರು ಬರೆದಿತ್ತು ಸಾರ್. ಹೋಗ್ಲಿಲ್ಲ, ಹೋಗ್ಲಿಲ್ಲ ಅಂತ. ಆದ್ರೆ ದೂರು ಬರೋದು ಮೆಷಿನ್ನೊಳಗಿನ ಆಪರೇಟರ್ ಟಪಾಲ್ ಡಬ್ಬಿಗೆ. ಅಂದ್ರೆ ಗಂಗಾ ಅವ್ರ ಹೆಸರಿಗೆ. ಅವ್ರು ಆಸ್ಪತ್ರೆಲಿದ್ರು."

ಈಗ ಇವಳು ಅದನ್ನು ಸರಿ ಮಾಡಿದ್ದಾಳಂತೆ. ಹೊರಗಿನ ಲೈನ್ ನಿಜವಾಗಿ ಜೀವಂತ ಇದ್ದರೆ ಮಾತ್ರ ಯಲಹಂಕ ಆ ಮಾತು ಹೇಳಬೇಕು. ಲೈನ್ ಬಿದ್ದ ಕೂಡಲೇ ವಾಪಸ್ ತೆಗೆದುಕೊಳ್ಳಬೇಕು. ಯಶವಂತಪುರಕ್ಕೂ ಕಟ್ಟಪ್ಪಣೆ: ಯಲಹಂಕ ಏನು ಹೇಳಿದರೂ ಸದ್ಯಕ್ಕೆ ನಂಬಬೇಡ. ಮೆಷಿನ್ನಿಗೆ ಇಷ್ಟು ಕಲಿಸಿದ್ದಾಳೆ. ಒಳ್ಳೆಯದು.

"ಇಷ್ಟನ್ನೂ ಕಮಿಟಿ ಮುಂದ ಹೇಳ್ತೀರೇನ್ರಿ?"

ರಸ್ತೆ ನೋಡಿದಳು. "ನನ್ನ ಪ್ರೊಬೇಷನ್ ಈ ವರ್ಷದ ಕೊನೇಗೆ ಮುಗಿಯುತ್ತೆ. ಕನ್ಫರ್ಮೇಷನ್‌ಗೆ ಸೈನ್ ಹಾಕೋದು ಅವರೇ."

"ನಾ ಫೋನ್ ಮಾಡಿದಾಗ ಹಿಂದ ಯಾರೋ ಮಾತಾಡಿದ್ರು. ನೀವೇ ಅಲ್ಲೇನು?"

ಬಸ್ ಬಂತು. ಹತ್ತಿ ಹೋದಳು. ಅದು ಅವಳ ರೂಟಿನ ಬಸ್ಸೂ ಅಲ್ಲ.

26-11-89, ಭಾನುವಾರ

ಸೈನ್ ಮಾಡುವುದಿಲ್ಲ, ಕಮಿಟಿಯ ಮುಂದೆ ಮಾತಾಡಬೇಕು ಎಂದು ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೇನೆ. ಕನ್ನಡದಲ್ಲೇ.

ಅತ್ತೆಗೆ ಇವತ್ತು ಎಲ್ಲ ಹೇಳಬೇಕಾಯಿತು. ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಲಿಲ್ಲ.

"ಅಂದ್ರ ಅಕಿ ತಪ್ಪು ಮಾಡ್ಯಾಳಂತೇನು?"

"ಹಂಗ ಬರದಾರ."

"ನನ್ನ ಮಗಳು ಬಿ.ಎಸ್ಸಿ. ಓದೂಮುಂದ ಇಡೀ ಓಣಿ ನಕ್ಕಿತ್ತು. ಹೆಣ್ಣಿಗೆ ಯಾಕ ಅಂತ. ಅವಾಗೂ ತಪ್ಪು ಅಕಿದೇ ಇತ್ತು." ರೊಟ್ಟಿ ಹೆಂಚಿಗೆ ಹಾಕಿದರು. "ನೀವೇನ್ ಮಾಡ್ತೀರಿ?"

"ಹೋಗಿ ಹೇಳ್ತೀನ್ರಿ."

"ನೀವು?" ಅಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮದುವ್ಯಾಗ ನಿಮ್ಮ ಹೆಸರು ಕೇಳಿದ್ರ ನಿಮ್ಮ ಅಣ್ಣ ಹೇಳ್ಯಾನ."

4-12-89, ಸೋಮವಾರ. ಸಂಜೆ

ಕಮಿಟಿ ಆಯಿತು.

ಖಾದರ್ ಅಂಗಡಿ ಮುಚ್ಚಿ, ಇಸ್ತ್ರಿ ಶರ್ಟು ಹಾಕಿಕೊಂಡು ನನ್ನ ಜೊತೆ ಬಂದ. ಅವನನ್ನು ಒಳಗೆ ಕರೆಯಲೇ ಇಲ್ಲ. ಹೊರಗಿನವರ ಹೇಳಿಕೆ ತಗೊಳೋ ಹಾಗಿಲ್ವಂತೆ.

ಒಳಗೆ ಮೂರು ಜನ. ನಡುವೆ ಕೂತವರು ಹಿರಿಯರು, ದಪ್ಪ ಕನ್ನಡಕ, ಮೃದು ಮಾತು. ಒಂದು ಪಕ್ಕ ಜಯಸಿಂಹ. ಗೋಡೆಯ ಹತ್ತಿರ ಅಲಮೇಲು. ನನಗೆ ನೀರು ಕೊಟ್ಟರು. ಫೋನಿನ ಸಂಗತಿ ಹೇಳಿದೆ. ಇದ್ದದ್ದು ಇದ್ದ ಹಾಗೆ.

"ನೀವು ಫೋನ್ ಮಾಡಿದ್ದು ನನಗೆ ನೆನಪಿದೆ" ಅಂದರು ಜಯಸಿಂಹ. ದನಿಯಲ್ಲಿ ಎಷ್ಟು ಮರುಕ! "ರಜೆ ಹೇಳಕ್ಕೆ ಮಾಡಿದ್ರಿ. ಹೆಂಡತಿಗೆ ಜ್ವರ ಅಂತ ಗಾಬರೀಲಿದ್ರಿ. ಬೇರೆ ಏನೂ ಹೇಳಿದ ನೆನಪಿಲ್ಲ ನನಗೆ."

ಹಿರಿಯರು ಕೇಳಿದರು: "ಡಿಫಾಲ್ಟ್ ಅಂದ್ರೆ ಏನು ಅಂತ ಆಗ ನಿಮಗೆ ಗೊತ್ತಿತ್ತಾ?"

"ಇಲ್ರಿ."

"ಗೊತ್ತಿಲ್ಲದ ಮಾತು ಸರಿಯಾಗಿ ಹೇಳಿದ್ರಿ ಅಂತ ಹೇಗೆ ಹೇಳ್ತೀರಿ?"

"ಎರಡ್ ಸಲ ಹೇಳಿಸ್ಯಾಳ್ರಿ ಅಕಿ."

ಅಷ್ಟೇ ಬಂತು. ಅವರು ತಲೆ ಆಡಿಸಿ ಏನೋ ಬರೆದುಕೊಂಡರು. ಆಮೇಲೆ ಗೋಡೆಯ ಕಡೆ ತಿರುಗಿದರು. "ಮಿಸ್ ಅಲಮೇಲು, ಪೂಜೆ ದಿನ ಇದನ್ನ ಹಾಕಕ್ಕೆ ಯಾರಾದ್ರೂ ಬಾಯಲ್ಲಿ ಹೇಳಿದ್ರಾ? ಇಂಥ ಫೋನ್ ಬಂದಿದ್ದು ನಿಮಗೆ ಗೊತ್ತಾ?"

"ನೆನಪಿಲ್ಲ ಸಾರ್."

ಎದ್ದು ಬಂದೆ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟಿದ್ದೆ. ಮೆಟ್ಟಿಕೊಂಡೆ. ಬಾಯಿ ತುಂಬ ಮಾತಿತ್ತು. ಒಂದೂ ಹೊರಗೆ ಬರಲಿಲ್ಲ. ಮರುಕದ ಆ ಮುಖಕ್ಕೆ ಏನಾದರೂ ಎಸೆಯಬೇಕಿತ್ತು. ನೀರಿನ ಲೋಟವಾದರೂ.

ಖಾದರ್ ಬೆಂಚಿನ ಮೇಲೆ ಕಾಯುತ್ತಿದ್ದ. "ಮೂರು ಟೀ ಕುಡಿಸಿದ್ರು ಸಾಬ್. ಒಂದು ಪ್ರಶ್ನೆ ಕೇಳ್ಲಿಲ್ಲ. ನಮ್ಮ ಅಳಿಯನ ಮನೇಲೂ ಹಿಂಗೇ."



5-12-89

ಇವತ್ತು ಸೂಪರ್‌ವೈಸರ್ ಮೇಲೆ ಕೂಗಾಡಿದೆ. ತಪ್ಪು ನನ್ನದೇ ಇತ್ತು. ಆದರೂ ಕೂಗಾಡಿದೆ. ಶೆಡ್ಡಿನಲ್ಲಿ ಎಲ್ಲ ಕೆಲಸ ನಿಲ್ಲಿಸಿ ನೋಡಿದರು. ಈ ಬಾಯಿ ನಿನ್ನೆ ಎಲ್ಲಿಗೆ ಹೋಗಿತ್ತು?

15-12-89, ಶುಕ್ರವಾರ

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಗಂಗಾ ಇದ್ದಾಗ ಜಗಳವನ್ನಾದರೂ ಬರೆಯುತ್ತಿದ್ದೆ.

ಇವತ್ತು ಆಫೀಸಿನಿಂದ ಹೊಸ ಕಾಗದ. ಕಮಿಟಿ ತನ್ನ ವರದಿ ತಿದ್ದಿದೆ. ಲೋಪ ಎಂಬ ಮಾತಿಲ್ಲ. 'ತಾಂತ್ರಿಕ ಕಾರಣಗಳಿಂದ' ಉತ್ತರ ತಲುಪಲಿಲ್ಲ. ಕೆಳಗೆ ಇನ್ನೊಂದು ಸಾಲು: ಆಗಿನ ಆಪರೇಟರ್ ತೀರಿಕೊಂಡಿರುವುದರಿಂದ ಅವರ ಮಾತನ್ನು ಪಡೆಯಲು ಸಾಧ್ಯವಾಗಲಿಲ್ಲ. ವಾರಸುದಾರರ ಸಹಿ — ಗೆರೆ.

ಖಾದರ್‌ಗೆ ತೋರಿಸಿದೆ. "ಗೆದ್ರಲ್ಲ ಸಾಬ್! ತಪ್ಪು ಅಂತ ಎಲ್ಲೂ ಇಲ್ಲ. ಸೈನ್ ಹಾಕಿ ಬಿಸಾಕಿ. ಈ ದೊಡ್ಡೋರ ಸಹವಾಸ ಯಾಕೆ?"

"ನಿನಗೇನ್ ತಿಳೀತದ, ಪಂಕ್ಚರ್ ಹಾಕೂದು ಬಿಟ್ಟು?" ಅಂದುಬಿಟ್ಟೆ.

ಅವನು ಸ್ಪ್ಯಾನರ್ ಎತ್ತಿಕೊಂಡು ಒಳಗೆ ಹೋದ. ಅಂಗಡಿ ಮುಚ್ಚಿ ಬಂದವನಿಗೆ ನಾನು ಕೊಟ್ಟದ್ದು ಇದು.

ಅತ್ತೆಗೆ ಓದಿ ಹೇಳಿದೆ, ಕನ್ನಡ ಮಾಡಿ. ಎರಡು ಸಲ ಕೇಳಿದರು.

"ಮಾತು ಸಿಗಲಿಲ್ಲ ಅಂದ್ರ? ಜ್ವರದಾಗ ಎದ್ದು ಕುಂತು, ನಿಮ್ಮ ಕೈಯಾಗ ಹೇಳಿ ಕಳಿಸ್ಯಾಳಲ್ಲ. ಇದರಾಗ ಅಕಿ ಸುಮ್ಮನಿದ್ದಳು ಅಂದಂಗಾತಲ್ಲ."

ಅದೇ. ನನಗೆ ಎದೆಯಲ್ಲಿ ಚುಚ್ಚುತ್ತಿದ್ದದ್ದು ಅದೇ, ಹೆಸರು ಸಿಕ್ಕಿರಲಿಲ್ಲ. ಹೇಳಬೇಕಾದದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳಿದವಳು ಅವಳೊಬ್ಬಳೇ. ಈ ಕಾಗದದಲ್ಲಿ ಮಾತಿಲ್ಲದವಳೂ ಅವಳೊಬ್ಬಳೇ.

17-12-89, ಭಾನುವಾರ

ಖಾದರ್‌ನ ಅಂಗಡಿಗೆ ಹೋಗಿ ನಿಂತೆ. ತಲೆ ಎತ್ತಲಿಲ್ಲ. ಕ್ಷಮಿಸು ಅಂದೆ.

"ಪಂಪ್ ಹಿಡ್ಕಳಿ" ಅಂದ.

ಹಿಡಿದೆ. ಗಿರಾಕಿಗಳ ಸೈಕಲ್ಲಿಗೆಲ್ಲ ಗಾಳಿ ಹೊಡೆಸಿದ. ರಟ್ಟೆ ನೋಯುತ್ತಿದೆ. ನಾಳೆ ಯಲಹಂಕಕ್ಕೆ ಹೋಗುತ್ತೇನೆ.

18-12-89, ಸೋಮವಾರ. ರಾತ್ರಿ ಊಟವಾದ ಮೇಲೆ

ಮಧ್ಯಾಹ್ನ ಎರಡಕ್ಕೆ ಹೋದೆ. ಜಯಸಿಂಹರ ರೂಮಿನ ಹೊರಗೆ ದೊಡ್ಡ ಹಾಲ್. ಟೈಪಿಸ್ಟು, ಅಲಮೇಲು, ಇನ್ನೂ ನಾಲ್ಕೈದು ಜನ. ಕೊನೆಯ ಟೇಬಲ್ ಖಾಲಿ. ಅದರ ಮೇಲೆ ಗಂಗಾಳ ಹೆಸರಿನ ಹಲಗೆ ಇನ್ನೂ ಇದೆ, ತಿರುಗಿಸಿ ಇಟ್ಟಿದ್ದಾರೆ.

ಒಳಗೆ ಕರೆದರು. ಬಾಗಿಲು ಅವರೇ ಹಾಕಿದರು. ಕಾಗದ ಮೇಜಿನ ಮೇಲಿಟ್ಟೆ. ಸಹಿ ಇಲ್ಲದ್ದನ್ನು ನೋಡಿದರು.

"ಇನ್ನೇನ್ ಬೇಕ್ರೀ ನಿಮಗೆ? ತಪ್ಪು ಅನ್ನೋ ಮಾತೇ ತೆಗೆಸಿದ್ದೀನಿ. ನನ್ನ ಕೈಲಾದಷ್ಟು ಮಾಡಿದ್ದೀನಿ."

"ಫೋನ್ ಬಂದಿತ್ತಂತ ಹಾಕ್ರಿ."

"ಅದು ಆಗಲ್ಲ."

"ಬಂದಿತ್ತೋ ಇಲ್ಲೋ?"

ಕಿಟಕಿಯ ಹೊರಗೆ ನೋಡಿದರು. ಕಂಬ ಕಾಣುತ್ತಿತ್ತು. ಈಗ ತಂತಿ ಇದೆ ಅದಕ್ಕೆ. ಬಹಳ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನನ್ನನ್ನು ಯಾರೂ ಸೋಲಿಸಲಾರರು.

"ಬಂದಿತ್ತು ಕಣ್ರೀ" ಅಂದರು. ದನಿ ಬೇರೆಯಾಗಿತ್ತು. "ಬಂದಿತ್ತು. ನೋಡ್ಕೋತೀವಿ ಅಂದೆ. ಹಬ್ಬ, ಮನೇಲಿ ನೆಂಟರು, ಮಗಳನ್ನ ನೋಡಕ್ಕೆ ಗಂಡಿನ ಕಡೆಯೋರು ಬಂದಿದ್ರು. ಸಂಜೆ ತೆಗೆಸೋಣ ಅಂದ್ಕೊಂಡೆ. ಮರ್ತೋಯ್ತು. ಆಮೇಲೆ ಪ್ರಾಜೆಕ್ಟ್ ಹೋಯ್ತು ಅಂತ ಗೊತ್ತಾದಾಗ, ಅವರೂ ಹೋಗಿದ್ರು. ಮರೆಯೋದು ಅಂಥ ದೊಡ್ಡ ಅಪರಾಧವಾ, ಹೇಳಿ? ನೀವು ಏನೂ ಮರ್ತಿಲ್ವಾ ಯಾವತ್ತೂ?"

ಕಣ್ಣಲ್ಲಿ ನೀರಿತ್ತು. ನಿಜವಾದ ನೀರು. ಅದು ನನಗೆ ಇನ್ನೂ ಸಿಟ್ಟು ತರಿಸಿತು. ನನ್ನ ಹೆಂಡತಿಯ ವಿಷಯಕ್ಕೆ ನನ್ನ ಮುಂದೆ ಇವರು ಅಳುತ್ತಾರೆ, ನಾನು ಸಮಾಧಾನ ಮಾಡಬೇಕು.

"ಅಪರಾಧ ಅಲ್ರಿ" ಅಂದೆ.

"ಮತ್ತೆ?"

"ಬಾಗಲಾ ತಗದು ಹೇಳ್ರಿ."

ಅವರು ಅಲುಗಲಿಲ್ಲ. ನಾನೇ ಎದ್ದು ಬಾಗಿಲು ತೆಗೆದೆ. ಎರಡೂ ರೆಕ್ಕೆ. ಹಾಲ್‌ನಲ್ಲಿ ಟೈಪ್ ಮಾಡುವ ಸದ್ದು ನಿಂತಿತು. ಎಲ್ಲ ನಮ್ಮ ಕಡೆ ನೋಡಿದರು.

"ಈಗ ಹೇಳ್ರಿ."

ಇಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿಲ್ಲ. ಜಯಸಿಂಹ ನನ್ನನ್ನು ನೋಡಿದರು. ಆಮೇಲೆ ಅವರನ್ನೆಲ್ಲ. ಬೈದು ಹೊರಗೆ ಹಾಕಿಸುತ್ತಾರೆ ಎಂದುಕೊಂಡೆ. ಹಾಕಿಸಲಿ, ಎತ್ತಿಕೊಂಡು ಹೋಗಲಿ, ಬಾಗಿಲು ಬಿಡುವುದಿಲ್ಲ ಎಂದು ಹಿಡಿಯನ್ನು ಹಿಡಿದು ನಿಂತೆ.

"ಫೋನ್ ಬಂದಿತ್ತು" ಅಂದರು.

"ಏನ್ ಸಾರ್?" ಟೈಪಿಸ್ಟು ಕೇಳಿದ. ಅವನಿಗೆ ನಿಜವಾಗಿ ಕೇಳಿಸಿರಲಿಲ್ಲ.

"ಗಂಗಾದೇವಿ ಫೋನ್ ಮಾಡ್ಸಿದ್ರು. ಡಿಫಾಲ್ಟ್ ತೆಗೀಬೇಕು ಅಂತ. ನಾನು ತೆಗೆಸ್ಲಿಲ್ಲ." ಸ್ವಲ್ಪ ತಡೆದು, "ಹಾಕಕ್ಕೆ ಹೇಳಿದ್ದೂ ನಾನೇ."

  ಅಲಮೇಲು ಎದ್ದು ಟೈಪಿಸ್ಟನ ಹತ್ತಿರ ಹೋದಳು. "ನೀವು ಏಳಿ" ಅಂದಳು ಅವನಿಗೆ. ಅವನ ಕುರ್ಚಿಯಲ್ಲಿ ಕೂತು ಹೊಸ ಹಾಳೆ ಏರಿಸಿದಳು.

"ಕಮಿಟಿಗೆ ಹಾಗೇ ಬರೀಲಾ ಸಾರ್?"

"ಬರೀರಿ."

ಅರ್ಧಕ್ಕೆ ತಪ್ಪಿತು. ಹಾಳೆ ಎಳೆದು ಹರಿದು ಇನ್ನೊಂದು ಹಾಕಿದಳು. ಮುಗಿಸಿ ತಂದು ಕೊಟ್ಟಳು. ಅವರು ಸಹಿ ಮಾಡುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಅವಳು ಪೆನ್ ಕೇಳಿ ಇಸಕೊಂಡು, ಕೆಳಗೆ ಇನ್ನೊಂದು ಸಾಲು ತಾನೇ ಕೈಯಲ್ಲಿ ಬರೆದಳು: ಫೋನ್ ಬಂದಾಗ ನಾನು ಅದೇ ರೂಮಿನಲ್ಲಿದ್ದೆ. ಹೆಸರು ಹಾಕಿದಳು. ಜಯಸಿಂಹ ಓದಿದರು. ಅವಳನ್ನು ನೋಡಿದರು. ಅವಳ ಕನ್ಫರ್ಮೇಷನ್ ಏನಾಗುತ್ತದೋ ಗೊತ್ತಿಲ್ಲ. ಥ್ಯಾಂಕ್ಸ್ ಹೇಳಬೇಕಿತ್ತು. ಹೇಳಲಿಲ್ಲ. ಎರಡು ವಾರದ ಹಿಂದೆಯೇ ಹೇಳಬಹುದಿತ್ತಲ್ಲ ಇವಳು. ಆ ಸಿಟ್ಟು ಹೋಗಿಲ್ಲ.

ನಾನೂ ಸಹಿ ಮಾಡಿದೆ, ಆ ಹೊಸ ಹಾಳೆಯ ಮೇಲೆ. ಕನ್ನಡದಲ್ಲಿ.

ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿ ಪಕ್ಕ. ಎಲ್ಲ ಒಂದೊಂದೇ ಜೋಡಿಸಿಕೊಂಡೆ. ಅವರು ಹೀಗಂದರು, ನಾನು ಹೀಗಂದೆ, ಬಾಗಿಲು ಹೀಗೆ ತೆಗೆದೆ, ಟೈಪಿಸ್ಟು ಏನ್ ಸಾರ್ ಅಂದ. ಅವನು ಹಾಗಂದದ್ದನ್ನು ಹೇಳಿದರೆ ಗಂಗಾ ಬಿದ್ದು ಬಿದ್ದು ನಗುತ್ತಾಳೆ. ನೀನೇ ಅಂದಿಯೇನು, ನಿನ್ನ ಬಾಯಿಂದಲೇ ಬಂತೇನು ಎಂದು ನಂಬುವುದೇ ಇಲ್ಲ. ಮನೆಗೆ ಹೋದ ಕೂಡಲೇ, ಚಪ್ಪಲಿ ಬಿಡುವ ಮೊದಲೇ ಹೇಳಬೇಕು. ಹೆಬ್ಬಾಳದವರೆಗೂ ಹಾಗೇ ಅಂದುಕೊಂಡು ಬಂದೆ. ಆಮೇಲೆ ನೆನಪಾಯಿತು.